ರುಖವತಕ್ಕೆ ಐದು ಚಮಚ

ಜನವರಿ 6, ಸೋಮವಾರ

ಈ ವಹಿಯನ್ನು ಕಪಾಟಿನಲ್ಲಿ ಮೇಘಾಳ ಲಸಿಕೆ ಕಾರ್ಡಿನ ಕೆಳಗೆ ಇಡುತ್ತೇನೆ. ಅಲ್ಲಿ ಯಾರೂ ಕೈ ಹಾಕುವುದಿಲ್ಲ.

ಮೇಘಾಳಿಗೆ ಇಂದು ಮೂರು ತಿಂಗಳು ಹನ್ನೆರಡು ದಿನ. ಮಲಗಿದ್ದಾಳೆ. ಎದುರು ಮನೆಯ ಮಗ್ಗಗಳು ಬಡಿಯುತ್ತಿರುವವರೆಗೆ ಮಲಗುತ್ತಾಳೆ, ಕರೆಂಟು ಹೋಗಿ ಅವು ನಿಂತರೆ ಎದ್ದುಬಿಡುತ್ತಾಳೆ. ವಡಗಾವಿಯ ಕೂಸುಗಳೆಲ್ಲ ಹೀಗೇ ಎಂದು ಅತ್ತೆ ಹೇಳುತ್ತಾರೆ. ನನಗೆ ಮಗ್ಗ ಬಡಿದರೂ ನಿದ್ದೆಯಿಲ್ಲ, ನಿಂತರೂ ಇಲ್ಲ.

ಬರೆದೇಬಿಡುತ್ತೇನೆ. ಮೂರು ವಾರಗಳಿಂದ ನನ್ನ ಕಣ್ಣ ಮುಂದೆ ಒಂದು ಚಿತ್ರ ಬರುತ್ತಿದೆ. ಅದರಲ್ಲಿ ಮೇಘಾ ಇರುತ್ತಾಳೆ, ನನ್ನ ಕೈಯಲ್ಲಿ ಚೂರಿ ಇರುತ್ತದೆ. ಮುಂದಿನದನ್ನು ಬರೆಯಲಾರೆ. ಸಿಟ್ಟು ಬಂದಾಗ ಬರುವುದಲ್ಲ ಅದು. ಹಾಲು ಕುಡಿಸುವಾಗ ಬರುತ್ತದೆ, ಅವಳು ನನ್ನ ಮುಖ ನೋಡಿ ನಗುವಾಗ ಬರುತ್ತದೆ. ಬಂದಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತೇನೆ. ತಾಯಿಯಾದವಳಿಗೆ ಇಂಥದ್ದು ಬರುತ್ತದೆಯೆ? ಬಂದಮೇಲೆ ಅವಳನ್ನು ಕೂಸಿನ ಹತ್ತಿರ ಬಿಡಬಹುದೆ?

ಇದರ ಮೇಲೆ ಅತ್ತೆಯ ಚೂರಿ ಬೇರೆ. ಕೂಸು ಮನೆಗೆ ಬಂದ ದಿನದಿಂದ ತೊಟ್ಟಿಲ ಹಾಸಿಗೆಯ ಕೆಳಗೆ ಒಂದು ಕಬ್ಬಿಣದ ಚೂರಿ ಇದೆ. ಅತ್ತೆ ತಮ್ಮ ಊರಾದ ಬೀಡಿಯಿಂದ ತಂದದ್ದು. ಶಶಿ ಹುಟ್ಟಿದಾಗಲೂ ಅದೇ ಚೂರಿ ಇತ್ತಂತೆ. ಕಬ್ಬಿಣ ಇದ್ದರೆ ಕೂಸಿಗೆ ಗಾಳಿ ಸೋಕುವುದಿಲ್ಲ. ಇಂದು ಮುಂಜಾನೆ ಅದನ್ನು ಇಕ್ಕಳದಲ್ಲಿ ಹಿಡಿದು ತೆಗೆದು, ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆ. ಹನ್ನೊಂದು ಗಂಟೆಗೆ ಮತ್ತೆ ತೊಟ್ಟಿಲಲ್ಲಿತ್ತು.

"ಯಾರ ತಗದಿದ್ರ ಇದನ್ನ?"

"ನಾನರೀ ಅತ್ತಿ. ಚುಚ್ಚಿಗಿಚ್ಚೀತು ಅಂತ."

"ಹಾಸಗಿ ಬುಡಕ ಇದ್ದದ್ದು ಹೆಂಗ ಚುಚ್ಚತೈತಿ? ನಿನ್ನ ಗಂಡಗ ಚುಚ್ಚೇತೇನು? ಚುಚ್ಚಿದ್ದರ ಗಾಳಿ ಹೋಗಿ ಇಷ್ಟ ದಪ್ಪರ ಆಗ್ತಿದ್ದಿಲ್ಲ ಆಂವ."

ನಾನೂ ನಕ್ಕೆ. ನಗದಿದ್ದರೆ ಕೇಳುತ್ತಾರೆ.

ಜನವರಿ 9, ಗುರುವಾರ

ಖಾನಾಪುರದಿಂದ ದಿಗಂಬರ ಕಾಕಾ ಬಂದಿದ್ದರು. ಕೈಯಲ್ಲಿ ಚೀಲ, ಚೀಲದಲ್ಲಿ ಐದು ಹಲಸಿನ ತುಂಡುಗಳು. ಚಮಚದ ಆಕಾರಕ್ಕೆ ಗರಗಸದಲ್ಲಿ ಕೊಯ್ದು ತಂದಿದ್ದಾರೆ. ಜಾಂಬೋಟಿ ಕಡೆಯ ಕಟ್ಟಿಗೆ, ಇನ್ನೂ ಅರಿಷಿಣದ ಬಣ್ಣ.

ಖಾನಾಪುರದಲ್ಲಿ ನಮ್ಮ ಮನೆಗೂ ಕಾಕಾನ ಬಡಿಗತನದ ಶೆಡ್ಡಿಗೂ ಒಂದೇ ಗೋಡೆ. ಅವ್ವ ತೀರಿಕೊಂಡ ವರ್ಷ ನಾನು ಎಂಟನೆಯ ಇಯತ್ತೆಯಲ್ಲಿದ್ದೆ. ಸಾಲಿ ಬಿಟ್ಟಮೇಲೆ ಮನೆಗೆ ಹೋಗಲು ಮನಸ್ಸಾಗದೆ ಶೆಡ್ಡಿನಲ್ಲಿ ಕುಳಿತುಕೊಳ್ಳುತ್ತಿದ್ದೆ. ಕಾಕಾ ಸಮಾಧಾನ ಹೇಳುವ ಮನುಷ್ಯನಲ್ಲ. ಒಂದು ಚೂರಿ, ಒಂದು ತುಂಡು ಕಟ್ಟಿಗೆ ಕೈಗೆ ಕೊಟ್ಟರು. ಬಿ.ಎಸ್ಸಿ ಮುಗಿದಮೇಲೂ ಆ ಚಟ ಬಿಡಲಿಲ್ಲ. ಚಮಚದ ಹಿಡಿಯ ಮೇಲೆ ಕಸೂತಿಯ ನವಿಲು, ತುಳಸಿಕಟ್ಟೆ ಮೂಡಿಸುವುದು ನನ್ನದೇ ಹಂಚಿಕೆ. ದಾರದ ಒಂದು ಹೊಲಿಗೆ ಇದ್ದಲ್ಲಿ ಚೂರಿಯ ಒಂದು ಗೀರು. ಕಾಕಾ ಮೊದಲು ನಕ್ಕಿದ್ದರು. ಆಮೇಲೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಮಗಳು ಸಾನಿಕಾಳ ಮದುವೆ ಫೆಬ್ರವರಿ 23ಕ್ಕೆ. ಮಂಟಪದ ಬಾಜು ಮೇಜು ಹಾಕಿ ಹೆಣ್ಣಿನ ಮನೆಯ ಕೈಕೆಲಸವನ್ನೆಲ್ಲ ಹರಡುತ್ತಾರಲ್ಲ, ಆ ರುಖವತದ ನಡುವೆ ನನ್ನ ಐದು ಚಮಚ ಇರಬೇಕಂತೆ.

"ನನ್ನ ಕೈ ನೋಡ ಪೂರ್ಣಿಮಾ" ಎಂದು ಕಾಕಾ ಎರಡೂ ಕೈ ಚಾಚಿದರು. ಬೆರಳುಗಳು ತಾವೇ ಕುಣಿಯುತ್ತಿದ್ದವು. "ಗರಗಸ ಹೆಂಗರ ನಡೀತೈತಿ. ಚೂರಿ ಮಾತ ಕೇಳವಲ್ದು. ಪ್ಯಾಟ್ಯಾಗಿನ್ವು ತಂದಿಟ್ಟರ ಬೀಗರು ಏನಂದಾರು? ಸುತಾರನ ಮಗಳ ರುಖವತದಾಗ ಪ್ಲಾಸ್ಟಿಕ್ ಹೂವಿನ ಬುಟ್ಟಿ!"

"ಕಾಕಾ, ಕೂಸು ಇನ್ನೂ ಸಣ್ಣದೈತಿ..."

ಅತ್ತೆ ಒಳಗಿನಿಂದಲೇ ಉತ್ತರ ಕೊಟ್ಟರು: "ಮಾಡ್ತಾಳ ಬಿಡ್ರಿ ಅಣ್ಣಾರ. ಸುಮ್ಮ ಕುಂತ ಕುಂತ ಮಾರಿ ಹೆಂಗಾಗೇತಿ ನೋಡ್ರಿ ಅಕೀದು."

ನನ್ನ ಚೂರಿಗಳು ಕ್ಯಾನ್ವಾಸಿನ ಸುರುಳಿಯಲ್ಲಿ ಟ್ರಂಕಿನ ತಳದಲ್ಲಿವೆ. ಟ್ರಂಕಿನ ಮೇಲೆ ಗಾದಿ, ಗಾದಿಯ ಮೇಲೆ ಎರಡು ಕೌದಿ ಹೇರಿದ್ದೇನೆ.

ಜನವರಿ 13, ಸೋಮವಾರ

ಮನೆಯಲ್ಲಿರುವ ಹರಿತ ವಸ್ತುಗಳು: ಇಳಿಗಿ ಒಂದು. ಅಡಿಗೆಮನೆಯ ಚೂರಿ ಎರಡು. ಕತ್ತರಿ ಒಂದು. ಶಶಿಯ ದಾಡಿ ಬ್ಲೇಡು, ಪಾಕೀಟಿನಲ್ಲಿ ನಾಲ್ಕು. ತೊಟ್ಟಿಲಲ್ಲಿ ಒಂದು. ನನ್ನ ಸುರುಳಿಯಲ್ಲಿ ಏಳು.

ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ. ಮುಂಜಾನೆಯಿಂದ ಮೂರು ಸಲ ಎಣಿಸಿದ್ದೇನೆ.

ಜನವರಿ 19, ರವಿವಾರ

ಕಟ್ಟಿಗೆಯ ತುಂಡುಗಳನ್ನು ತಿರುಗಿ ಕೊಟ್ಟುಬರೋಣ ಎಂದು ಶಶಿಯ ಜೊತೆ ಖಾನಾಪುರಕ್ಕೆ ಹೋದೆ. ಬಸ್ಸಿನಲ್ಲಿ ಏನು ಹೇಳಬೇಕು ಎಂದು ಉರು ಹೊಡೆದುಕೊಂಡೆ. ಮೈಯಲ್ಲಿ ಆರಾಮಿಲ್ಲ, ಕಾಕಾ, ಬೇರೆ ಯಾರಿಗಾದರೂ ಕೊಡಿರಿ. ಅಷ್ಟೇ.

ಹೇಳುವ ಮೊದಲೇ ಸಾನಿಕಾ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಪಡಸಾಲೆಯ ತುಂಬ ರುಖವತ. ಸಕ್ಕರೆಯ ತುಳಸಿಕಟ್ಟೆ, ಅಡಕೆಯಲ್ಲಿ ಮಾಡಿದ ಭಟ್ಟ ಭಟ್ಟಗಿತ್ತಿ, ಶ್ಯಾವಿಗೆಯ ಗಡ್ಡ ಹಚ್ಚಿದ ಮುದುಕ. ನಡುವೆ ಒಂದು ಮೊಳ ಜಾಗ ಖಾಲಿ.

"ಇದು ನಿನ್ನ ಚಮಚದ್ದು ಅಕ್ಕಾ. ಇಲ್ಲೆ ಬ್ಯಾರೆ ಏನೂ ಇಡಗೊಡೂದಿಲ್ಲ ಅಂತ ಆಯಿಗೆ ಹೇಳೇನಿ. ನಮ್ಮತ್ತಿ ಆಗಾಕಿ ಮೊದಲ ಅದನ್ನ ನೋಡಬೇಕು."

ತುಂಡುಗಳು ಚೀಲದಲ್ಲೇ ಉಳಿದವು.

ಅಷ್ಟರಲ್ಲಿ ಕಾಕಾನ ಹೆಂಡತಿ ಕುಂದಾ ಕಾಕು ಮೇಘಾಳನ್ನು ಎತ್ತಿಕೊಂಡು ಶೆಡ್ಡಿಗೆ ಹೋಗಿದ್ದಾರೆ. ಹೋಗಿ ನೋಡಿದರೆ ನೆಲದ ಮೇಲೆ ಗೋಣಿಚೀಲ ಹಾಸಿ ಮಲಗಿಸಿದ್ದಾರೆ. ಒಂದು ಬಾಜು ಬಾಚಿ, ಇನ್ನೊಂದು ಬಾಜು ಉಳಿಗಳ ಸಾಲು. ಮೇಘಾ ಹೊಟ್ಟಿನ ಸುರುಳಿಯೊಂದನ್ನು ನೋಡಿ ನಗುತ್ತಿದ್ದಳು. ಕಾಕಾ ಏನೂ ಅರಿಯದವರಂತೆ ಒಂದು ಉಳಿಯನ್ನು ನನ್ನ ಕಡೆ ಚಾಚಿದರು. "ಇದರ ಹರಿತ ನೋಡು, ಹೊಸಾದು."

ಚಿತ್ರ ಬಂತು. ಇಷ್ಟು ಸ್ಪಷ್ಟ ಯಾವತ್ತೂ ಬಂದಿರಲಿಲ್ಲ. ಹಿತ್ತಲಿಗೆ ಓಡಿ ಕೈಪಂಪಿನ ಬುಡದಲ್ಲಿ ವಾಂತಿ ಮಾಡಿಕೊಂಡೆ.

ಕುಂದಾ ಕಾಕು ಬೆನ್ನು ಸವರುತ್ತ ಕಿವಿಯ ಹತ್ತಿರ ಬಂದು ಕೇಳಿದರು: "ಅಗಂ ಬಾಯಿ! ಇಷ್ಟ ಲಗೂ? ಇನ್ನೂ ನಾಕ ತಿಂಗಳಾಗಿಲ್ಲಲ್ಲೇ ಪೋರಿ! ಜಾವಾಯಿಗೆ ಜರಾ ತಾಳಾಕ ಹೇಳಬಾರದ?"

ಅಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಹೊರಡುವಾಗ ಶಶಿಯನ್ನು ಒಂದು ನಮೂನೆ ನೋಡಿ ಉಪ್ಪಿನಕಾಯಿಯ ಡಬ್ಬಿ ಕೊಟ್ಟರು. ಬಸ್ಸಿನಲ್ಲಿ ಶಶಿ, "ನಾ ಏನ್ ತಪ್ಪ ಮಾಡಿದೆ, ಕಾಕು ಹಂಗ್ಯಾಕ ನೋಡಿದ್ರು?" ಎಂದರು. ಕಿಟಕಿಯ ಕಡೆ ತಿರುಗಿ ಕುಳಿತೆ.

ಜನವರಿ 24, ಶುಕ್ರವಾರ

ಸೋಮವಾರ ಅತ್ತೆ ಬೀಡಿಗೆ ಹೋಗುತ್ತಾರೆ. ಅವರ ತಂಗಿ ಪದ್ಮವ್ವನಿಗೆ ಹೊಟ್ಟೆಯ ಆಪರೇಶನ್ ಆಗಿದೆ, ಇಂದು ಮನೆಗೆ ಕಳಿಸಿದ್ದಾರೆ. ಮೂರು ದಿನ ಇದ್ದು ನೋಡಿಕೊಂಡು ಬರುತ್ತಾರಂತೆ. ಶಶಿಗೆ ಉದ್ಯಮಬಾಗದ ಕಾರ್ಖಾನೆಯಲ್ಲಿ ಮೊದಲನೆಯ ಪಾಳಿ, ಮುಂಜಾನೆ ಆರಕ್ಕೆ ಮನೆ ಬಿಟ್ಟರೆ ಮಧ್ಯಾಹ್ನ ಮೂರೂವರೆ. ಅಲ್ಲಿಯವರೆಗೆ ನಾನು, ಮೇಘಾ.

"ಹೋಗಬ್ಯಾಡ್ರಿ ಅತ್ತಿ" ಎಂದೆ, ಅವರ ಸೆರಗು ಹಿಡಿದುಕೊಂಡು.

ಅತ್ತೆ ನನ್ನ ಮುಖ ನೋಡಿದರು. "ಹೆದರೀದಿ ನೀ. ಕೂಸಿಗಲ್ಲ, ನಿಂಗ ಸೋಕೇತಿ ಗಾಳಿ." ತಮ್ಮ ಪೆಟ್ಟಿಗೆಯಿಂದ ಒಂದು ಹಳೆಯ ಕುಡಗೋಲು ತೆಗೆದು ನನ್ನ ಮಂಚದ ತಲೆಕಡೆಗೆ ಸಿಗಿಸಿದರು. "ಈಗ ಅಕಿಗೊಂದು, ನಿನಗೊಂದು. ಯಾವ ಗಾಳಿ ಒಳಗ ಬರ್ತೈತಿ ನಾನೂ ನೋಡ್ತೀನಿ."

ನಾನು ಹೆಚ್ಚು ಹೆದರಿದಷ್ಟೂ ಈ ಮನೆಯಲ್ಲಿ ಕಬ್ಬಿಣ ಹೆಚ್ಚಾಗುತ್ತದೆ.

ಜನವರಿ 27, ಸೋಮವಾರ

ಅತ್ತೆ ಏಳಕ್ಕೆ ಹೋದರು. ಏಳೂವರೆಗೆ ಎಲ್ಲವನ್ನೂ ಕೌದಿಯಲ್ಲಿ ಗಂಟು ಕಟ್ಟಿದೆ. ಇಳಿಗಿ, ಚೂರಿಗಳು, ಕತ್ತರಿ, ಕುಡಗೋಲು, ತೊಟ್ಟಿಲಿನದು, ನನ್ನ ಸುರುಳಿ. ಒಂದೊಂದನ್ನೂ ಇಕ್ಕಳದಲ್ಲೇ ಹಿಡಿದು ಹಾಕಿದೆ. ಗಂಟನ್ನು ಎದುರು ಮನೆಯ ಭರಮವ್ವನ ಕೈಗೆ ಕೊಟ್ಟೆ. ಅವಳ ಮನೆಯದೇ ಆ ಮಗ್ಗಗಳು.

"ಬುಧವಾರ ಒಯ್ತೀನ್ರಿ. ಅಲ್ಲೀ ಮಟಾ ನಿಮ್ಮ ಕಡೆ ಇರಲಿ."

"ಏನೈತವಾ ಇದರಾಗ, ಇಷ್ಟ ಭಾರ? ಮನೀಗಿ ಸುಣ್ಣಾ ಹಚ್ಚಾಕತ್ತೀರೇನು?"

"ಹೂಂ."

ಸುಣ್ಣದ ಒಂದು ಹನಿಯೂ ಇಲ್ಲದ ನನ್ನ ಕೈ ನೋಡಿದಳು. ಗಂಟು ಮುಟ್ಟಿ ನೋಡಿದಳು. ಏನೂ ಅನ್ನಲಿಲ್ಲ. ಭರಮವ್ವ ಏನೂ ಅನ್ನದಿದ್ದರೆ ಅದು ಒಳ್ಳೆಯದಲ್ಲ.

ಶಶಿ ಬಂದು ಉಳ್ಳಾಗಡ್ಡಿ ಹೆಚ್ಚಲು ಹೋದರೆ ಚೂರಿ ಇಲ್ಲ. ಸಾಣೆ ಹಿಡಿಯಲು ಕೊಟ್ಟಿದ್ದೇನೆ ಎಂದೆ. ಗುದ್ದಿ ಒಡೆದುಕೊಂಡು ತಿಂದರು. "ಹಿಂಗೂ ರುಚಿ ಆಗ್ತೈತಿ" ಎಂದರು ಪಾಪ.

ಜನವರಿ 28, ಮಂಗಳವಾರ

ಮನೆಯಲ್ಲಿ ಒಂದೂ ಚೂರಿ ಇಲ್ಲ. ಆದರೂ ಚಿತ್ರ ಬರುತ್ತದೆ. ಈಗ ಅದರಲ್ಲಿ ದಿಂಬು ಇದೆ.

ದಿಂಬುಗಳನ್ನು ಯಾರಿಗೆ ಕೊಡಲಿ?

ಜನವರಿ 29, ಬುಧವಾರ

ಅಕ್ಷರ ನೆಟ್ಟಗೆ ಬೀಳುತ್ತಿಲ್ಲ. ಆದರೂ ಬರೆಯಬೇಕು.

ಅತ್ತೆ ಸಂಜೆಗೆ ಬರಬೇಕಾದವರು ಮಧ್ಯಾಹ್ನವೇ ಬಂದರು. ಭರಮವ್ವ ಫೋನು ಮಾಡಿದ್ದಳಂತೆ. ನನ್ನನ್ನು ಏನೂ ಕೇಳಲಿಲ್ಲ. ಗಲ್ಲ ಹಿಡಿದು ಮುಖ ಆಚೆ ಈಚೆ ತಿರುಗಿಸಿ ನೋಡಿದರು, ಕುಪ್ಪಸದ ತೋಳು ಮೇಲೆತ್ತಿ ನೋಡಿದರು. ಆಮೇಲೆ ಹೊಸ್ತಿಲ ಹತ್ತಿರ ಕುಳಿತರು. ಶಶಿ ಬಂದು ಬೂಟು ಬಿಚ್ಚುತ್ತಿದ್ದಂತೆ ಎದ್ದು ಅಂಗಿಯ ಕಾಲರು ಹಿಡಿದರು.

"ಏನ್ ಮಾಡೀದಿ ಲೇ ಅಕಿಗೆ? ಮನ್ಯಾಗಿನ ಚೂರಿ ಮಂದಿ ಮನ್ಯಾಗ ಮುಚ್ಚಿಡೂ ಹಂಗ ಏನ್ ಮಾಡೀದಿ?"

"ಏನವ್ವಾ? ಯಾವ ಚೂರಿ?"

"ನಿಮ್ಮಪ್ಪ ಕುಡದ ಬಂದು ಕುಡಗೋಲ ಎತ್ತಿದಾಗ ನಾನೂ ಹಿಂಗ ಮಾಡಿದ್ದೆ. ಬಾಜೂ ಮನೀ ಕಣಜದಾಗ ಒಗದಿದ್ದೆ. ನೀನೂ ಅಂವನ ಹೊಟ್ಟ್ಯಾಗ ಹುಟ್ಟಿದಾಂವಲ್ಲ! ಖರೇ ಹೇಳು!"

ಶಶಿ ನನ್ನ ಕಡೆ ನೋಡಿದರು. ಕುಡಿಯುವುದಿರಲಿ, ನನಗೆ ಒಂದು ದಿನ ಏರಿದ ಧ್ವನಿಯಲ್ಲಿ ಮಾತಾಡಿದವರಲ್ಲ. ತಾಯಿಯ ಕೈ ಬಿಡಿಸಿಕೊಳ್ಳಲಿಲ್ಲ. "ನಾ ಏನೂ ಮಾಡಿಲ್ಲವ್ವಾ" ಎಂದರು, ಸಾಲಿಯಲ್ಲಿ ಹೊಡೆಸಿಕೊಂಡ ಹುಡುಗನ ಹಾಗೆ.

ಸುಮ್ಮನಿದ್ದಿದ್ದರೆ ಅತ್ತೆ ನಂಬಿಬಿಡುತ್ತಿದ್ದರು. ನಾನು ಉಳಿಯುತ್ತಿದ್ದೆ. ಒಂದು ಕ್ಷಣ ಹಾಗೆ ಅನ್ನಿಸಿತು, ಸುಳ್ಳೇಕೆ ಬರೆಯಲಿ.

"ಇವರದೇನೂ ಇಲ್ಲರೀ ಅತ್ತಿ. ನನ್ನ ಸಲುವಾಗಿ ಇಟ್ಟೆ. ನನ್ನ ಕೈಯಾಗ ಸಿಗಬಾರದು ಅಂತ."

ಹೇಳಿದೆ. ಎಲ್ಲವನ್ನೂ. ಗೋಡೆಯ ಕ್ಯಾಲೆಂಡರು ನೋಡುತ್ತ ಹೇಳಿದೆ.

ಶಶಿ ತೊಟ್ಟಿಲಿನಿಂದ ಮೇಘಾಳನ್ನು ಎತ್ತಿಕೊಂಡು ಬೀದಿಗೆ ಹೋದರು. ಎದ್ದುಹೋದದ್ದಲ್ಲ, ಓಡಿದ್ದು.

ಅತ್ತೆ ಕೇಳಿದರು: "ಮಾಡಬೇಕ ಅನಸ್ತೈತೇನು?"

"ಇಲ್ಲರೀ! ಇಲ್ಲ ಅತ್ತಿ. ಮಾಡಿಬಿಟ್ಟರ ಅಂತ ಹೆದರಿಕಿ."

"ಹೂಂ." ಖಾಲಿ ತೊಟ್ಟಿಲಿನ ಹಾಸಿಗೆ ಎತ್ತಿ ಚೂರಿ ಇರುತ್ತಿದ್ದ ಜಾಗವನ್ನು ಕೈಯಿಂದ ತಿಕ್ಕಿದರು. "ನೀ ತಗದ ತಗದ ಇಟ್ಟಿ. ನಾ ಹುಡಿಕ್ಯಾಡಿ ತಂದ ತಂದ ಇಟ್ಟೆ. ದಿನಾ ಇಟ್ಟೆ ನಾನು."

ಫೆಬ್ರವರಿ 1, ಶನಿವಾರ

ಮೂರು ದಿನಗಳಿಂದ ನನ್ನೊಬ್ಬಳ ಬಳಿ ಮೇಘಾಳನ್ನು ಬಿಟ್ಟಿಲ್ಲ. ಹಾಲು ಕುಡಿಸುವಾಗ ಒಬ್ಬರು ಕೂರುತ್ತಾರೆ. ಕುಡಿಸಿದಮೇಲೆ ಎತ್ತಿಕೊಳ್ಳುತ್ತಾರೆ. ಶಶಿ ಭರಮವ್ವನ ಮನೆಯಿಂದ ನನ್ನ ಚೂರಿಗಳ ಸುರುಳಿಯನ್ನಷ್ಟೇ ತಂದು ಕಾರ್ಖಾನೆಯ ಲಾಕರಿನಲ್ಲಿ ಇಟ್ಟಿದ್ದಾರಂತೆ. ಅವರು ಮಾಡಿದ್ದು ಸರಿ. ನಾನೂ ಹಾಗೇ ಮಾಡುತ್ತಿದ್ದೆ. ಆದರೂ ಮೇಘಾ ಅವರ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿದ್ದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತೇನೆ.

ಇಂದು ದವಾಖಾನೆಗೆ ಹೋದೆವು. ಅತ್ತೆಯೂ ಬಂದರು. ಡಾಕ್ಟರ್ ಬಾಯಿ ವಯಸ್ಸಾದ ಹೆಂಗಸು. ಧ್ವನಿ ಕೇಳಿಸುತ್ತವೆಯೆ, ಯಾರಾದರೂ ಹೀಗೆ ಮಾಡು ಎಂದು ಹೇಳುತ್ತಾರೆಯೆ, ಸಾಯಬೇಕು ಅನ್ನಿಸುತ್ತದೆಯೆ ಎಂದೆಲ್ಲ ಕೇಳಿದರು. ಎಲ್ಲಕ್ಕೂ ಇಲ್ಲ ಎಂದೆ. ಚೂರಿಗಳನ್ನು ಏನು ಮಾಡಿದಿರಿ ಎಂದು ಕೇಳಿದರು. ಹೇಳಿದೆ. ಇಕ್ಕಳದ್ದನ್ನೂ ಹೇಳಿದೆ.

"ನೋಡ್ರಿ, ಇದು ಬ್ಯಾನಿ. ಕೂಸು ಹಡದ ಮ್ಯಾಲ ಭಾಳ ಮಂದಿಗೆ ಬರ್ತೈತಿ, ಯಾರೂ ಬಾಯಿ ಬಿಡೂದಿಲ್ಲ. ಮನಸ್ಸಿಗೆ ಯಾವುದು ಬ್ಯಾಡೇ ಬ್ಯಾಡೋ ಅದನ್ನ ತಂದ ತಂದ ತೋರಸ್ತೈತಿ. ಇದು ನಿಮ್ಮ ಆಸೆ ಅಲ್ಲ, ನಿಮ್ಮ ಹೆದರಿಕಿ."

"ಹಂಗಾರ ಕೂಸಿನ್ನ ಅಕಿ ಕಡೆ ಬಿಡಬಹುದೇನ್ರಿ?" ಎಂದು ಕೇಳಿದವರು ಶಶಿ. ಅವರಿಗೆ ನನ್ನ ಮುಖ ನೋಡಲಾಗಲಿಲ್ಲ.

"ಬಿಡಬೇಕು. ಮೊದಲ ಒಬ್ಬರು ಜತಿಗಿರ್ರಿ, ಆಕಿಗೆ ಧೈರ್ಯ ಆಗ್ಲಿ ಅಂತ. ಕಾವಲು ಅಂತಲ್ಲ. ಮುಚ್ಚಿಟ್ಟಷ್ಟೂ ಹೆದರಿಕಿ ದೊಡ್ಡದಾಗ್ತೈತಿ. ಏನ್ ಕೆಲಸಾ ಮಾಡ್ತಿದ್ರಿ ಮೊದಲ?"

"ಚಮಚ ಕೆತ್ತತಿದ್ದೆ."

"ಎದರಿಂದ?"

ಅತ್ತೆಯೇ ಹೇಳಿದರು: "ಚೂರೀಲೆರೀ ಮತ್ತ!"

ಡಾಕ್ಟರ್ ಬಾಯಿ ಪೆನ್ನು ಕೆಳಗಿಟ್ಟರು. "ಭಾಳ ಚಲೋ ಆತು. ಅದನ್ನ ಮಾಡ್ರಿ. ಕೂಸು ಇದ್ದ ಖೋಲ್ಯಾಗ ಕುಂತು. ಮೊದಲ ದೂರ, ಆಮ್ಯಾಲ ಸಮೀಪ." ಗುಳಿಗೆ ಬರೆದುಕೊಟ್ಟರು. ಹಾಲು ಕುಡಿಸುವವರಿಗೆ ನಡೆಯುತ್ತದಂತೆ. ಎರಡು ಮೂರು ವಾರ ಬೇಕಂತೆ ಗುಣ ಕಾಣಲು. ಹದಿನೈದು ದಿನಕ್ಕೆ ಮತ್ತೆ ಬರಬೇಕು.

ಕೇಳುವಾಗ ಸಮಾಧಾನವಾಗಿತ್ತು. ಮನೆಗೆ ಬಂದಮೇಲೆ, ಡಾಕ್ಟರ್ ಬಾಯಿಗೆ ನನ್ನ ಬಗ್ಗೆ ಸರಿಯಾಗಿ ತಿಳಿದಿಲ್ಲವೇನೋ ಅನ್ನಿಸುತ್ತಿದೆ.

ಫೆಬ್ರವರಿ 5, ಬುಧವಾರ

ಶಶಿ ಸುರುಳಿ ತಂದರು. ತೆಗೆದು ನೋಡಿದರೆ ಏಳೂ ಚೂರಿಗಳ ಬಾಯಿ ಹೊಳೆಯುತ್ತಿದೆ. ಕಾರ್ಖಾನೆಯ ಸಾಣೆಯಲ್ಲಿ ಮಸೆದು, ಚರ್ಮದ ಪಟ್ಟಿಗೆ ತಿಕ್ಕಿದ್ದಾರೆ. ಮೂರು ದಿನ ಊಟದ ಬಿಡುವಿನಲ್ಲಿ ಅದನ್ನೇ ಮಾಡಿದರಂತೆ.

"ಮೊಂಡ ಇದ್ವು. ಮೊಂಡ ಚೂರಿನ ಜಾರತಾವ ಅಂತ ನೀನ ಹೇಳ್ತಿದ್ದೆಲ್ಲ?"

"ನಿಮಗ ಹೆದರಿಕಿ ಇಲ್ಲೇನ್ರಿ?"

"ಐತಿ." ಒಂದು ಚೂರಿಯನ್ನು ಸುರುಳಿಯೊಳಗೆ ಸೇರಿಸಿದರು. "ಮಸಿಯೂವಾಗನೂ ಇತ್ತು."

ಫೆಬ್ರವರಿ 7, ಶುಕ್ರವಾರ

ನಮ್ಮ ಪಡಸಾಲೆ ಗೋಡೆಯಿಂದ ಗೋಡೆಗೆ ಒಂಬತ್ತು ಫರಸಿ ಕಲ್ಲು. ತೊಟ್ಟಿಲು ಆ ತುದಿಗೆ, ನಾನು ಈ ತುದಿಗೆ, ನಡುವೆ ಅತ್ತೆ ಗೋದಿ ಹಸನು ಮಾಡುವ ಮೊರ ಇಟ್ಟುಕೊಂಡು. ದಿನಕ್ಕೊಂದು ಫರಸಿ ಮುಂದೆ ಸರಿಯಬೇಕು ಎಂದು ಮಾತಾಗಿದೆ.

ನಿನ್ನೆ ಚೂರಿಯನ್ನು ಬರಿಗೈಯಲ್ಲಿ ಹಿಡಿದು ಕುಳಿತದ್ದಷ್ಟೇ. ಇಂದು ಕಟ್ಟಿಗೆಗೆ ಹಚ್ಚಿದೆ. ಮೂರು ಗೀರು ಎಳೆದೆ, ಚಿತ್ರ ಬಂತು, ಚೂರಿ ಕೆಳಗೆ ಹಾಕಿದೆ. ಅತ್ತೆ ಗೋದಿಯಿಂದ ತಲೆ ಎತ್ತಲಿಲ್ಲ. "ಬಂತೇನು?" "ಬಂತ್ರಿ." "ಕುಂದರ್ಲಿ ಅದೂ. ಜಾಗಾ ಭಾಳ ಐತಿ."

ಮತ್ತೆ ಹಿಡಿದೆ. ಎಂಟು ಸಲ ಹಾಕಿದೆ, ಎಂಟು ಸಲ ಎತ್ತಿದೆ. ತುಳಸಿಕಟ್ಟೆಯ ಮೊದಲ ಮೆಟ್ಟಿಲು ಒಂದಾಯಿತು, ಅದೂ ಸೊಟ್ಟ.

ಫೆಬ್ರವರಿ 11, ಮಂಗಳವಾರ

ಎರಡನೆಯ ತುಂಡು ಸತಾಯಿಸುತ್ತಿದೆ. ಹಿಡಿಯ ನಡುವೆ ಕಟ್ಟಿಗೆಯ ಎಳೆ ಹೊರಳಿದೆ. ನವಿಲಿನ ಕತ್ತು ಕೆತ್ತುವಾಗ ಎಳೆಯ ವಿರುದ್ಧ ಹೋದರೆ ಚಕ್ಕೆ ಏಳುತ್ತದೆ, ಎಳೆಯ ಗುಂಟ ಹೋದರೆ ಗೀರು ಎಲ್ಲೆಲ್ಲೋ ಓಡುತ್ತದೆ. ಕಾಕಾಗೆ ಫೋನು ಮಾಡಿದೆ. "ಚೂರಿ ಹಿಡದ ಕೈ ನೋಡಬ್ಯಾಡ. ಕಟ್ಟಿಗಿ ಹಿಡದ ಕೈ ನೋಡು, ಅದನ್ನ ತಿರುವು" ಎಂದರು. ತಿರುವಿದೆ. ಕತ್ತು ಬಂತು. ಮರೆತುಬಿಟ್ಟಿದ್ದೆ.

ಚಮಚದ ಅಂಚನ್ನು ತುಟಿಗೆ ಹಚ್ಚಿ ನೋಡುವುದು ಕಾಕಾನ ಪದ್ಧತಿ. ಶೋಭೆಯ ಚಮಚವಾದರೂ ಸರಿ, ತುಟಿಗೆ ತರಚಿದರೆ ಅದು ಚಮಚವಲ್ಲ. ಕಣ್ಣಿಗೆ ಕಾಣದ ಒರಟು ತುಟಿಗೆ ಗೊತ್ತಾಗುತ್ತದೆ. ಮೊದಲನೆಯದು ಪಾಸಾಯಿತು.

ಅತ್ತೆ ಗೋದಿ ಬಿಟ್ಟು ಈಗ ಗೋಡೆಗೆ ಒರಗಿ ಮಲಗುತ್ತಾರೆ. ಗೊರಕೆ ಭರಮವ್ವನ ಮಗ್ಗಕ್ಕಿಂತ ಜೋರು. ಎದ್ದವರೇ "ನಾ ಮಲಗಿದ್ದಿಲ್ಲ, ಕಣ್ಣ ಮುಚ್ಚಿದ್ದೆ" ಎನ್ನುತ್ತಾರೆ. ನಿನ್ನೆ ರಾತ್ರಿ ನಾನು ನಾಲ್ಕು ತಾಸು ಮಲಗಿದೆನಂತೆ. ಶಶಿ ಹೇಳಿದರು. ನನಗಂತೂ ಮಲಗಿದಂತೆ ಅನ್ನಿಸಲಿಲ್ಲ.

ಚಿತ್ರ ಇಂದು ಆರು ಸಲ.

ಫೆಬ್ರವರಿ 15, ಶನಿವಾರ

ಮೂರು ಮುಗಿದವು. ದವಾಖಾನೆಗೂ ಹೋಗಿಬಂದೆವು, ಅದೇ ಗುಳಿಗೆ ಮುಂದುವರಿಸಿ ಎಂದರು.

ಭರಮವ್ವ ಇಳಿಗಿ, ಕುಡಗೋಲಿನ ಗಂಟು ತಿರುಗಿ ತಂದುಕೊಟ್ಟಳು. "ತಗೋಳ್ರಿ ನಿಮ್ಮ ಹತ್ಯಾರ. ನಮ್ಮ ಸೊಸಿ ಗಂಟ ನೋಡಿ ನೋಡಿ ನಾ ತವರಮನಿಗೆ ಹೋಗ್ತೀನಿ ಅನ್ನಾಕತ್ತಾಳ." ಹೋಗುವ ಮೊದಲು ಧ್ವನಿ ಇಳಿಸಿ ಕೇಳಿದಳು: "ಅತ್ತಿ ಸೊಸಿ ಜಗಳ ಆಡೀರೇನು?"

"ಇಲ್ಲಲ್ರಿ. ಯಾಕ?"

"ಮತ್ತ ನಿನ್ನಿ, ಮೊನ್ನಿ ನಿಮ್ಮತ್ತಿ ಬಾಗಲಾ ಮುಂದ ಮಾಡಿ ಮಾಳಿಗಿ ಮೆಟ್ಟಲ ಮ್ಯಾಲ ಕುಂತಿದ್ಲು. ತಾಸಗಟ್ಟಲೆ. ಬಾ ಚಾ ಕುಡಿ ಅಂದ್ರ ಬಾಯಿ ಮ್ಯಾಲ ಬಟ್ಟ ಇಟ್ಲು."

ನಿನ್ನೆ, ಮೊನ್ನೆ ಅವರು ಅಡಿಗೆಮನೆಯಲ್ಲಿದ್ದಾರೆ ಎಂದುಕೊಂಡಿದ್ದೆ.

ಮೊದಲು ಸಿಟ್ಟು ಬಂತು. ಬಾಗಿಲಿಗೆ ಕಿವಿ ಹಚ್ಚಿ ಕುಳಿತರು, ನಂಬಿಕೆ ಇಲ್ಲ. ಆಮೇಲೆ ಲೆಕ್ಕ ಹಾಕಿದೆ. ಆ ಎರಡೂ ದಿನ ನಾನು ಮೂರನೆಯ ಚಮಚದ ಆನೆಯ ಸೊಂಡಿಲಿನಲ್ಲಿ ಸಿಕ್ಕಿಬಿದ್ದಿದ್ದೆ. ಮೇಘಾ ತೊಟ್ಟಿಲು ಒಲ್ಲೆ ಎಂದು ಅತ್ತದ್ದಕ್ಕೆ ನನ್ನ ಬಾಜೂ ಕೌದಿಯ ಮೇಲೆ ಹಾಕಿಕೊಂಡಿದ್ದೆ, ಹೊಟ್ಟು ಹಿಡಿದು ಬಾಯಿಗೆ ಒಯ್ಯುತ್ತಾಳೆ ಎಂದು ಹತ್ತು ಸಲ ಅವಳ ಮುಷ್ಟಿ ಬಿಡಿಸಿದ್ದೆ. ಮನೆಯಲ್ಲಿ ನಾವಿಬ್ಬರೇ ಇದ್ದೆವು.

ಸಂಜೆ ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. "ಮೆಟ್ಟಲಾ ತಂಪಿರತಾವ್ರಿ, ಏನರ ಹಾಸ್ಕೊಂಡ ಕುಂದರ್ರಿ" ಎಂದೆ. ಕಣ್ಣು ಮುಚ್ಚಿಕೊಂಡೇ ಇದ್ದರು. ಈ ಸಲ ಮಲಗಿರಲಿಲ್ಲ.

ಫೆಬ್ರವರಿ 19, ಬುಧವಾರ

ನಾಳೆ ಕಾಕಾ ಬಂದು ಒಯ್ಯುತ್ತಾರೆ. ನಾಲ್ಕನೆಯ ಚಮಚದ ಗಿಳಿ ನಿನ್ನೆ ಮುಗಿಯಿತು. ಐದನೆಯದರಲ್ಲಿ ಪಕ್ಷಿ ಪ್ರಾಣಿ ಏನೂ ಇಲ್ಲ, ಕಸೂತಿಯ ಮುರಗಿಯ ಅಂಕುಡೊಂಕು ಸಾಲುಗಳಷ್ಟೇ. ಸುಲಭ ಅಂದುಕೊಂಡಿದ್ದೆ. ಒಂದು ಮೂಲೆ ತಪ್ಪಿದರೆ ಇಡೀ ಸಾಲು ಕಣ್ಣಿಗೆ ಹೊಡೆಯುತ್ತದೆ. ಮುಂಜಾನೆ ಮೂರು ಸಾಲು ಬಾಕಿ ಇದ್ದವು.

ಅತ್ತೆ ಲಗೂ ಎದ್ದು ರೊಟ್ಟಿ ಬಡಿದರು, ಇಳಕಲ್ಲ ಸೀರೆ ಉಟ್ಟರು. ಗುಡಿಗೆ ಇರಬೇಕು ಎಂದು ನಾನು ಕೇಳಲಿಲ್ಲ. ಹತ್ತರ ಸುಮಾರಿಗೆ ಎಣ್ಣೆಯ ಬಾಟಲಿ ಬೇಕಾಗಿ ಕೂಗಿದೆ. ಉತ್ತರವಿಲ್ಲ. ಮೆಟ್ಟಿಲ ಮೇಲೆ ಇಲ್ಲ. ಭರಮವ್ವನಲ್ಲಿ ಇಲ್ಲ. ಅಷ್ಟರಲ್ಲಿ ಫೋನು ಬಂತು, ಹಿಂದೆ ಬಸ್ಸಿನ ಸದ್ದು.

"ಪೂರ್ಣಿಮಾ, ನಾ ಬೀಡಿಗೆ ಹೊಂಟೇನಿ. ಮಚ್ಛೆ ದಾಟ್ತು."

"ಏನ್ರಿ ಅತ್ತಿ! ಹೇಳದ ಕೇಳದ?"

"ಹೇಳಿದ್ರ ಕಾಲ ಕಟ್ಟತಿದ್ದಿ. ಪದ್ಮವ್ವನ್ನ ಅವತ್ತ ಅರ್ಧಕ್ಕ ಬಿಟ್ಟ ಬಂದೇನಿ, ಮಾತ ಬಿಟ್ಟಾಳ ನನ್ನ ಕೂಡ. ನಾಡದ ಸಂಜಿಗೆ ಬರ್ತೀನಿ. ರೊಟ್ಟಿ ಬುಟ್ಟ್ಯಾಗ ಅದಾವ. ಕೂಸಿನ ಬಟ್ಟಿ ಒಣಗ್ಯಾವ, ತಗದಿಡು."

"ಅತ್ತಿ, ಹೆದರಿಕಿ ಬಂದ್ರ?"

"ಬರ್ತೈತಿ. ಅದರ ಸಲುವಾಗಿ ಕೂಸಿಗೆ ಹಾಲ ಕುಡಸೂದ ಬಿಡ್ತಿ ಏನ್?" ಯಾರದೋ ಗದ್ದಲ. "ತಡಿ, ಕಂಡಕ್ಟರ ಆಧಾರ ಕಾರ್ಡ ಕೇಳಾಕತ್ತಾನ. ತಗೋಳೋ ಮಾರಾಯ, ಫೋಟೋದಾಗಿನಾಕಿ ನಾನ ಅದೇನಿ! ಇಡ್ತೀನಿ."

ಇಟ್ಟೇಬಿಟ್ಟರು. ಇಂದೇ ಹೋಗಬೇಕಿತ್ತೆ? ಎಣ್ಣೆ ಹಚ್ಚುವಾಗ ಎರಡೂ ಕೈ ಜಿಡ್ಡಾಗಿರುತ್ತವೆ, ಐದು ಚಮಚ ಒರೆಸಿ ಒಣಗಿಸುವವರೆಗೆ ಮೇಘಾಳನ್ನು ಹಿಡಿಯುವವರು ಯಾರು? ಅಷ್ಟೂ ತಲೆಗೆ ಬರಲಿಲ್ಲವೆ ಇವರಿಗೆ?

ಕೊನೆಯ ಸಾಲಿನಲ್ಲಿದ್ದಾಗ ಚಿತ್ರ ಬಂತು. ಮೇಘಾ ನನ್ನ ಮೊಣಕಾಲಿಗೆ ಕಾಲು ಒದೆಯುತ್ತ ಮಲಗಿದ್ದಳು. ಚೂರಿ ಕೆಳಗೆ ಹಾಕಬೇಕು ಅನ್ನಿಸಿತು. ಆದರೆ ಮುರಗಿಯ ಮೂಲೆಯಲ್ಲಿ ಗೀರು ಅರ್ಧಕ್ಕೆ ನಿಲ್ಲಿಸಿದರೆ ತುದಿ ಒಡೆಯುತ್ತದೆ. ಕಟ್ಟಿಗೆ ತಿರುವಿದೆ, ಪೂರ್ತಿ ಎಳೆದೆ, ಇನ್ನೊಂದು ಮೂಲೆ, ಮತ್ತೊಂದು. ಸಾಲು ಮುಗಿಸಿ ತುಟಿಗೆ ಹಚ್ಚಿ ನೋಡಿದೆ. ಎಡಗಡೆ ಸ್ವಲ್ಪ ಒರಟಿತ್ತು, ಅದನ್ನು ತೆಗೆದೆ. ಚಿತ್ರ ಯಾವಾಗ ಹೋಯಿತೋ ನೋಡಲಿಲ್ಲ.

ಈಗ ಎರಡೂವರೆ. ಐದಕ್ಕೂ ಎಣ್ಣೆ ಹಚ್ಚಿದ್ದೇನೆ, ಈ ಪುಟದ ಮೇಲೂ ಬೆರಳ ಗುರುತು. ಮೇಘಾ ಎದ್ದು ಕೂಗುತ್ತಿದ್ದಾಳೆ. ಶಶಿ ಬರಲು ಇನ್ನೂ ಒಂದು ತಾಸು. ಕೈ ಒರೆಸಿಕೊಳ್ಳಲೂ ಪುರುಸೊತ್ತು ಕೊಡುವುದಿಲ್ಲ ಈ ಹುಡುಗಿ.